ಮೇಸ್ತ್ರಿಯನ್ನು ಕಾಯಂ ಮಾಡುವ ಸಭೆ

ಅಪ್ಪ ಲೋಟದಿಂದ ಊಟದ ಮೇಜು ಕುಟ್ಟಿ ಸಭೆ ಶುರು ಮಾಡಿದಾಗ ಅಮ್ಮ ಮೂಲೆಯ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಅಂಗಿಗಳಿಗೆ ಕಾಲರ್ ಕೂಡಿಸುತ್ತಿದ್ದಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಕಾರ್ಮಿಕ ಸಂಘದ ಕಾರ್ಯದರ್ಶಿ. ಮನೆಗೆ ಬಂದರೆ ಅಧ್ಯಕ್ಷ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಈ ಮನೆಯಲ್ಲಿ ಠರಾವು ಮಂಡಿಸಬೇಕು, ಕೈ ಎತ್ತಿ ಮತ ಹಾಕಬೇಕು. ಸಮಸಮ ಬಂದರೆ ಮಾತ್ರ ಅಧ್ಯಕ್ಷರ ಕೈ ಏಳುವುದು.

"ಇವತ್ತಿಗೆ ಮೇಸ್ತ್ರಿಯ ಪ್ರೊಬೇಷನ್ ಮುಗೀತು," ಅಂದ ಅಪ್ಪ. "ಖರ್ಚು ಹೊಂದಿದ್ರೆ ಕಾಯಂ. ಇಲ್ದಿದ್ರೆ ವಾಪಸ್ ಡಿಪೋಗೆ."

ಮೇಸ್ತ್ರಿ ಎಂದರೆ ನಾಯಿ. ಕೆಟ್ಟು ನಿಂತ ಬಸ್ಸಿನಡಿ ಸಿಕ್ಕಿದ ಕಂದು ಮರಿ. ದುಡಿಯುವವರ ಹಿಂದೆ ಮುಂದೆ ಓಡಾಡುತ್ತಿತ್ತೇ ಹೊರತು ಇಲ್ಲಿನ ಕಡ್ಡಿ ಅಲ್ಲಿಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಮನೆಗೆ ಬಂದ ದಿನದಿಂದ ಅದರ ಜಾಗ ಅಮ್ಮನ ಪೆಡಲ್ಲಿನ ಪಕ್ಕ. ಅಮ್ಮ ಕೈ ಎತ್ತಿ ಬಿಸ್ಕತ್ತಿನ ಚೂರು ತೋರಿಸಿದರೆ ಅದೂ ಮುಂಗಾಲು ಎತ್ತುತ್ತಿತ್ತು. ಉಳಿದವರು ಇಡೀ ಪೊಟ್ಟಣ ತೋರಿಸಿದರೂ ಆಕಳಿಸುತ್ತಿತ್ತು.

ಮಗ ಫೋನ್ ತೆಗೆದು ಲೆಕ್ಕಕ್ಕೆ ಕೂತ. "ನಾಯಿ ಸ್ನಾನದ ಅಂಗಡಿಯವನು ಒಂದು ಸಲಕ್ಕೆ ಕೇಳೋ ದುಡ್ಡಲ್ಲಿ ಅಪ್ಪ ಒಂದು ವರ್ಷ ಕ್ಷೌರ ಮಾಡಿಸ್ಕೋಬಹುದು."

"ಅಪ್ಪನಿಗೆ ಉಳಿದಿರೋ ಕೂದಲಿಗಾದ್ರೆ ಎರಡು ವರ್ಷ," ಅಂದಳು ಮಗಳು.

"ವಿಷಯಕ್ಕೆ ಬನ್ನಿ," ಅಪ್ಪ ನೆತ್ತಿ ಸವರಿಕೊಂಡ. "ಸ್ನಾನ ಅಮ್ಮ ಮಾಡಿಸ್ತಾಳೆ. ಸೊನ್ನೆ ಹಾಕು."

"ಪ್ಯಾಕೆಟ್ ಊಟ ನಮ್ಮೂಟಕ್ಕಿಂತ ದುಬಾರಿ."

"ಅಮ್ಮ ಹೇಗೂ ಒಲೆ ಹಚ್ಚಿರ್ತಾಳಲ್ಲ. ಉಪ್ಪು ಹಾಕದೆ ಇನ್ನೊಂದು ಪಾತ್ರೆ ಇಟ್ರಾಯ್ತು. ಸೊನ್ನೆ."

"ವಾಕಿಂಗಿಗೆ ಕರ್ಕೊಂಡು ಹೋಗೋರಿಗೆ ತಿಂಗಳ ಸಂಬಳ ಕೊಡ್ಬೇಕಂತೆ."

"ನಮ್ಮನೇಲಿ ಕೋಳಿಗಿಂತ ಮುಂಚೆ ಏಳೋರು ಯಾರು?"

ಮಕ್ಕಳಿಬ್ಬರೂ ನಕ್ಕರು. ಮತ್ತೊಂದು ಸೊನ್ನೆ ಬಿತ್ತು.

"ಚುಚ್ಚುಮದ್ದು?" ಎಂದು ಕೇಳಿದ ಮಗ ಅಭ್ಯಾಸಬಲದಿಂದ ಅಮ್ಮನತ್ತ ನೋಡಿದ. ಆಮೇಲೆ ಬೇಜಾರಿನಿಂದ, "ಅದೊಂದನ್ನ ಮಾತ್ರ ಡಾಕ್ಟರೇ ಹಾಕ್ಬೇಕಂತೆ," ಅಂದ.

"ಸರಿ, ಬರ್ಕೋ. ಒಂದು ಹಾಸಿಗೆ, ವರ್ಷಕ್ಕೊಂದು ಸಲ ತಪಾಸಣೆ. ಆರೋಗ್ಯದ ವಿಷಯದಲ್ಲಿ ಜಿಪುಣತನ ಬೇಡ."

ತಪಾಸಣೆ ಎಂದದ್ದೇ ಅಮ್ಮನ ಕಾಲು ಪೆಡಲ್ಲಿನ ಮೇಲೆ ನಿಂತಿತು. ಆ ಕಾಲಿನ ಮಂಡಿ ಊದಿ ಬಹಳ ದಿನವಾಗಿತ್ತು. ತೋರಿಸೋಣ, ಮುಂದಿನ ತಿಂಗಳು ತೋರಿಸೋಣ ಎನ್ನುತ್ತ ಹೊರಗಿನವರ ಯೂನಿಫಾರ್ಮೆಲ್ಲ ಹೊಲಿದು ಮುಗಿಯುತ್ತ ಬಂದಿತ್ತು, ಮಂಡಿಯ ಸರದಿ ಬಂದಿರಲಿಲ್ಲ. ಆಗಲ್ಲ ಎಂದು ಒಂದು ಮಾತು ಅಂದರೆ ಸೊನ್ನೆಗಳೆಲ್ಲ ಉರುಳಿಬೀಳುತ್ತವೆ, ಅದು ಅವಳಿಗೆ ಗೊತ್ತು. ಆದರೆ ಅವುಗಳ ಜತೆ ಮೇಸ್ತ್ರಿಯೂ ಮತ್ತೆ ಬಸ್ಸಿನ ಗಾಲಿಗಳ ನಡುವೆ ಉರುಳುತ್ತದೆ. ಅದು ಅವಳ ಪಾದದ ಮೇಲೆ ಗದ್ದ ಊರಿ, ಸಭೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಮಲಗಿತ್ತು.

"ನೋಡಿ, ಇದಪ್ಪಾ ಬಜೆಟ್ ಅಂದ್ರೆ," ಅಪ್ಪ ಹಿಗ್ಗಿದ. "ನಮ್ಮ ಡಿಪೋ ಆಡಳಿತದವರಿಗೂ ಹೀಗೆ ಮಾಡೋಕೆ ಬರಲ್ಲ."

"ಬರುತ್ತೆ ಬಿಡಿ," ಅಂದಳು ಅಮ್ಮ. "ಅವರೂ ಹೀಗೇ ಮಾಡೋದು."

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ನನ್ನದೂ ಒಂದು ಠರಾವಿದೆ."

"ನೀನು ಸಭೆಗೇ ಬಂದಿಲ್ವಲ್ಲೇ, ಅಲ್ಲೇ ಕೂತಿದೀಯ."

"ಇಲ್ಲಿಗೆ ಎಲ್ಲಾ ಕೇಳಿಸ್ತು. ಸೊನ್ನೆ ಅಂದಾಗೆಲ್ಲ ನನ್ನ ಕರೆದ್ರಲ್ಲ. ಮೇಸ್ತ್ರಿ ಕಾಯಂ. ಅದ್ರ ಸ್ನಾನ, ಊಟ, ವಾಕಿಂಗು ನಿಮ್ಮ ಮೂರು ಜನಕ್ಕೂ ಪಾಳಿ ಮೇಲೆ. ಅದರ ತಪಾಸಣೆಗಿಂತ ಮುಂಚೆ ನನ್ನ ಮಂಡಿ ತಪಾಸಣೆ. ಮತಕ್ಕೆ ಹಾಕಿ."

ನಿಯಮ ನಿಯಮವೇ. ಅಪ್ಪ ಗಂಟಲು ಸರಿಮಾಡಿಕೊಂಡ. "ವಿರೋಧ ಇರೋರು?"

"ಬೆಳಿಗ್ಗೆ ಐದಕ್ಕೆ ಏಳ್ಬೇಕಾ?" ಎನ್ನುತ್ತಲೇ ಮಗ ಅರ್ಧ ಕೈ ಎತ್ತಿದ. ಮಗಳು ಮೇಜಿನ ಮೇಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ ಇನ್ನೊಂದು ಕೈ ಸ್ವಲ್ಪ ಮೇಲೆ ಮಾಡಿದಳು. "ಪರೀಕ್ಷೆ ಇದೆ ಅಮ್ಮ, ಅದಕ್ಕೆ."

"ಪರವಾಗಿ?"

ಅಮ್ಮ ಅಳತೆಯ ಟೇಪು ನೇತಾಡುತ್ತಿದ್ದ ಕೈಯನ್ನು ನೆಟ್ಟಗೆ ಎತ್ತಿದಳು. ಪೆಡಲ್ಲಿನ ಬಳಿ ಕಿವಿ ನಿಮಿರಿತು. ಬಿಸ್ಕತ್ತಿನ ಆಸೆಯೋ ಏನೋ, ಮೇಸ್ತ್ರಿ ಎದ್ದು ಕೂತು ಮುಂಗಾಲು ಎತ್ತಿತು.

"ಸಮಸಮ ಆಯ್ತು," ಅಂದಳು ಅಮ್ಮ.

ಅಪ್ಪ ನಗಲು ನೋಡಿದ. "ಏ, ತಮಾಷೆ ಸಾಕು. ಅದು ಸದಸ್ಯ ಅಲ್ಲ. ಅದರ ಮತ ಲೆಕ್ಕಕ್ಕಿಲ್ಲ."

"ಯಾಕಿಲ್ಲ? ಹಾಸಿಗೆ, ಡಾಕ್ಟರು, ಎಲ್ಲಾ ಕಡೆ ಅದ್ರ ಹೆಸರಲ್ಲಿ ದುಡ್ಡಿಟ್ಟಿದೀರಿ. ನನ್ನ ಹೆಸರ ಮುಂದೆ ಇರೋದು ಬರೀ ಸೊನ್ನೆ." ಅಮ್ಮ ಕೈ ಇಳಿಸಲಿಲ್ಲ. "ಸದಸ್ಯರಲ್ಲದೋರು ಕೈ ಇಳಿಸ್ಬೇಕು ಅಂದ್ರೆ ಇಳಿಸೋಣ. ನಮ್ಮಿಬ್ಬರಲ್ಲಿ ಯಾರು ಅಂತ ಹೇಳಿ, ಅಧ್ಯಕ್ಷರೇ."

ಮಕ್ಕಳಿಬ್ಬರೂ ಅಪ್ಪನ ಕಡೆ ತಿರುಗಿದರು. ಡಿಪೋದ ಗೇಟಿನಲ್ಲಿ ಯಾರೂ ಕರೆಯದಿದ್ದರೂ ಮುಷ್ಟಿಯಾಗಿ ಮೇಲೇಳುತ್ತಿದ್ದ ಕೈ ಅದು. ಈಗ ಖಾಲಿ ಲೋಟವನ್ನು ಬಿಗಿಯಾಗಿ ಹಿಡಿದುಕೊಂಡು ಮೇಜಿನ ಮೇಲೇ ಕೂತಿತ್ತು. ಮೇಸ್ತ್ರಿಯ ಮುಂಗಾಲು ಸಣ್ಣಗೆ ನಡುಗುತ್ತಿತ್ತು, ಆದರೂ ಇಳಿದಿರಲಿಲ್ಲ.