ಅಜ್ಜಿ ಕಟ್ಟಿಸಿಕೊಂಡ ಊಟ

ಸಾಮಿಲ್ ಮುಂದೆ ಹಸಿ ಮಾವಿನ ಮರದ ವಾಸನೆ ಬಂದರೆ ನನಗೆ ಈಗಲೂ ನಾಟಿಕೋಳಿ ಸಾರು ನೆನಪಾಗುತ್ತದೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಪಾಲಹಳ್ಳಿಯ ನಮ್ಮ ತೋಟದಲ್ಲಿ, ತೀರಿಹೋದ ತಾತ ನೆಟ್ಟ ಮಾವಿನ ಮರವಿತ್ತು. ಕಬ್ಬಿಗೆ ನೆರಳಾಗುತ್ತದೆ, ಕಡಿಸೋಣ ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದರು, ಅಜ್ಜಿ ಒಪ್ಪಿರಲಿಲ್ಲ. ಅಂಥ ಚಿಕ್ಕಪ್ಪ ಒಂದು ಬೆಳಿಗ್ಗೆ ಬಾಡಿಗೆ ಕಾರು ತಂದು, "ನಡಿಯವ್ವ, ಊರೂರ ರುಚಿ ತೋರುಸ್ಕೊಂಡ್ ಬತ್ತೀನಿ" ಎಂದರು.

"ಇವತ್ತೇ ಯಾಕ್ಲಾ?" ಎಂದಳು ಅಜ್ಜಿ.

ಜೊತೆಗೆ ಹೊರಟ ನನಗಂತೂ ಖುಷಿಯೋ ಖುಷಿ. ಶ್ರೀರಂಗಪಟ್ಟಣದಲ್ಲಿ ಇಡ್ಲಿ, ಪಾಂಡವಪುರದ ಆಲೆಮನೆಯಲ್ಲಿ ಬೆರಳಿಗೆ ಅಂಟುವ ಬಿಸಿ ಬೆಲ್ಲ, ಕೆ.ಆರ್. ಪೇಟೆಯಲ್ಲಿ ಮಸಾಲೆ ವಡೆ. ಅಜ್ಜಿ ಮಾತ್ರ ಮಗನ ಮುಖವನ್ನೇ ನೋಡುತ್ತಿದ್ದಳು. "ನನ್ ಮದ್ವೇಲೂ ಯಾರೂ ಇಷ್ಟು ಉಪಚಾರ ಮಾಡಿರ್ನಿಲ್ಲ ಕಣ್ಲಾ."

ನಾಗಮಂಗಲದ ಹೋಟೆಲಿನಲ್ಲಿ ಮುದ್ದೆ, ನಾಟಿಕೋಳಿ ಸಾರು ಬಂದಾಗ ಅವಳು ಮುಟ್ಟಲಿಲ್ಲ. "ಕಟ್ಟಿಸ್ಕೊಡು. ತೋಟಕ್ಕೋಗಿ ಉಣ್ತೀನಿ."

ಚಿಕ್ಕಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ತೋಟಕ್ಯಾಕವ್ವ, ಮನೇಗೋಗಾನ."

"ತೋಟಕ್ಕೇ."

ತೋಟ ಹತ್ತಿರವಾದಂತೆ ಕಾರಿನ ಕಿಟಕಿಯೊಳಗೆ ಹಸಿ ಮರದ ಆ ವಾಸನೆ ನುಗ್ಗಿತು. "ಮಾವಿನಣ್ಣಿನ ಕಾಲ ಅಲ್ವಾ" ಎಂದರು ಚಿಕ್ಕಪ್ಪ. ಮರವಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಉಳಿದ ಬುಡದಿಂದ ಸೊನೆ ಇನ್ನೂ ಒಸರುತ್ತಿತ್ತು.

ಅವಳು ಬಾಳೆ ಎಲೆ ಕಿತ್ತು ತಂದು ಬುಡದ ಮೇಲೆ ಹಾಸಿದಳು. ಪಿತೃಪಕ್ಷದಲ್ಲಿ ತಾತನಿಗೆ ಎಡೆ ಇಡುವ ಹಾಗೆಯೇ ಮುದ್ದೆ ಇಟ್ಟು, ಸಾರು ಬಿಟ್ಟಳು.

"ಬಾ ಮಗ, ನಿಮ್ಮಪ್ಪಂಗೆ ಕೈ ಮುಗಿ. ಎಲ್ಲೆಲ್ಲಿ ಏನೇನ್ ತಿನ್ಸ್ದೆ ಅಂತ ಯೇಳು."

ಚಿಕ್ಕಪ್ಪ ಚಪ್ಪಲಿ ಬಿಟ್ಟು ಬಂದು ಕೈಮುಗಿದರು. "ಶ್ರೀರಂಗಪಟ್ಟಣದಲ್ಲಿ ಇಡ್ಲಿ" ಎಂದರು. ಪಾಂಡವಪುರದ ಬೆಲ್ಲಕ್ಕೆ ಬರುವಷ್ಟರಲ್ಲಿ ಅವರ ಹಣೆ ಬುಡಕ್ಕೆ ತಾಗಿತ್ತು.