ಜಿಪ್ಪಿಗೆ ನೇತಾಡುತ್ತಿದ್ದ ಟಿಕೆಟ್

ಒದ್ದೆ ಉಣ್ಣೆಯ ವಾಸನೆ ಬಂದರೆ ಪರದೇಶದಲ್ಲಿ ನಾವಿದ್ದ ಕ್ಲೇಟನ್ನಿನ ಆ ಭಾನುವಾರ ಮಧ್ಯಾಹ್ನ ನೆನಪಾಗಿ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಮ್ಮನೂ ನಾನೂ ಅಂಕಲ್ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಅಪ್ಪ ಎಂದಿನಂತೆ ಇಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಪಾಸಾಗಬೇಕಿದ್ದ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಉಳಿದಿದ್ದರು. ಅಂಕಲ್ ಮಗ ರೋಹಿತ್ ಹಿಂದಿನ ದಿನ ಹಿಮದ ಬೆಟ್ಟಕ್ಕೆ ಹೋಗಿ ಬಂದಿದ್ದ. ಹೀಟರ್ ಮುಂದೆ ಅವನ ಉಣ್ಣೆಯ ಕೈಗವಸು, ಜಾಕೆಟ್ ಒಣಗುತ್ತಿದ್ದವು. ಜಾಕೆಟ್ಟಿನ ಜಿಪ್ಪಿಗೆ ಚೇರ್‌ಲಿಫ್ಟಿನ, ಅಂದರೆ ತಂತಿಯ ಮೇಲೆ ಬೆಟ್ಟ ಹತ್ತಿಸುವ ತೂಗುಕುರ್ಚಿಯ, ಟಿಕೆಟ್ ನೇತಾಡುತ್ತಿತ್ತು. ನಮ್ಮ ಸ್ಕೂಲಿನಲ್ಲಿ ಸ್ಕೀ ಮಾಡಿದವರು, ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರಿ ಬಂದವರು, ಅದನ್ನು ಜಂಬಕ್ಕೆ ಚಳಿಗಾಲವಿಡೀ ಬಿಚ್ಚುತ್ತಿರಲಿಲ್ಲ.

“ಮೊದಲು ಜನ ಸ್ಕೀ ಹೊತ್ಕೊಂಡು ನಡ್ಕೊಂಡೇ ಹತ್ತುತ್ತಿದ್ರಂತೆ. ಆಮೇಲೆ ಹಗ್ಗ ಹಿಡ್ಕೊಂಡ್ರೆ ಅದೇ ಎಳೀತಿತ್ತಂತೆ. ಈಗ ನೋಡಿ, ಆರಾಮಾಗಿ ಕುರ್ಚಿ!” ಎಂದರು ಅಂಕಲ್, ಬಿಸಿಬೇಳೆಬಾತ್ ಬಡಿಸುತ್ತಾ.

ನಾನು ಎರಡು ಸೌಟುಗಳನ್ನು ಸ್ಕೀ ಕೋಲುಗಳಂತೆ ಹಿಡಿದು, ರೋಹಿತನಂತೆ ಮೂಗೇರಿಸಿ, ಕಾರ್ಪೆಟ್ ಮೇಲೆ ಜಾರಿ ಬಿದ್ದೆ. ಎಲ್ಲರೂ ನಕ್ಕರು.

“ಯು ಆರ್ ಜಸ್ಟ್ ಜೆಲಸ್,” ಎಂದ ರೋಹಿತ್. ಸುಳ್ಳೇನಲ್ಲ.

ಊಟವಾದ ಮೇಲೆ ಟಿಕೆಟ್ ಕದಿಯಲು ಹೋದೆ. ಕಳ್ಳತನದಲ್ಲೂ ನಾನು ದಡ್ಡ. ಅದನ್ನು ಓದುತ್ತಾ ನಿಂತುಬಿಟ್ಟೆ. ‘ಸ್ಕೀ ಇಲ್ಲದವರಿಗೆ, ಒಮ್ಮೆ ಹತ್ತಿ ಇಳಿಯಲು’ ಎಂದು ಇಂಗ್ಲಿಷಿನಲ್ಲಿತ್ತು.

ಹಿಂದೆಯೇ ಬಂದ ರೋಹಿತನ ಮುಖ ಕೆಂಪಾಯಿತು.

“ಲೋ, ನೀನು ಸ್ಕೀನೇ ಮಾಡಿಲ್ಲ!” ಎಂದೆ.

“ಯಾರಿಗೂ ಹೇಳ್ಬೇಡ, ಪ್ಲೀಸ್. ಡ್ಯಾಡಿ ಪಕ್ಕ ಕೂತಿದ್ದೆ ಅಷ್ಟೆ. ಹಿ ವಾಸ್ ಸೋ ಸ್ಕೇರ್ಡ್, ಮೇಲೆ ಹೋಗೋವರೆಗೂ ನನ್ನ ಕೈ ಬಿಡ್ಲೇ ಇಲ್ಲ.”

ನಾನು ಟಿಕೆಟ್ ಬಿಟ್ಟೆ.

ಮನೆಗೆ ಬಂದು ಆ ಕುರ್ಚಿ ಸವಾರಿಯನ್ನೂ ಅಣಕಿಸೋಣವೆಂದು ಸೋಫಾದ ಒಂದು ತುದಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ಕಾಲು ತೂಗಾಡಿಸುತ್ತಾ ಕೂತೆ. ಒಳಕೋಣೆಯಲ್ಲಿ ಅಪ್ಪ ಪುಟ ತಿರುಗಿಸುವ ಸದ್ದು ಕೇಳುತ್ತಿತ್ತು.