ಕೊಕ್ಕರೆ ಕೊಡುವ ಉಂಗುರ

ಲವಂಗ ತುಂಬಿಟ್ಟ ಹಳೆಯ ಫಿಲ್ಮ್ ಡಬ್ಬಿಯ ಮುಚ್ಚಳ ತೆಗೆದಾಗಲೆಲ್ಲ ಚುಂಚನಕಟ್ಟೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟು ವರ್ಷ. ದೊಡ್ಡಪ್ಪನ ಮಗಳು ಸುಮಕ್ಕ ಹೈಸ್ಕೂಲು ಸೇರಿದ ಮೇಲೆ ನನ್ನ ಜೊತೆ ಆಡುವುದನ್ನೇ ಬಿಟ್ಟಿದ್ದಳು. ಅವಳು ದೊಡ್ಡಪ್ಪನ ಕ್ಯಾಮೆರಾ ಹಿಡಿದು ಹಕ್ಕಿಗಳ ಫೋಟೊ ತೆಗೆಯಲು ಹೊರಟಾಗ, ಒಂಚೂರೂ ಸದ್ದು ಮಾಡುವುದಿಲ್ಲವೆಂದು ಮಾತು ಕೊಟ್ಟು, ಅಜ್ಜಿಯ ಸೆರಗು ಹಿಡಿದು ನಾನೂ ಹೋದೆ.

ಹೊಳೆಯ ಬಂಡೆ ಬೆಚ್ಚಗಿತ್ತು. ರೋಲಿನಲ್ಲಿ ಒಂದೇ ಫೋಟೊ ಉಳಿದಿತ್ತು. ಅದು ಎದುರಿನ ಕೊಂಬೆಯಲ್ಲಿದ್ದ ಮಿಂಚುಳ್ಳಿಗೇ ಎಂದು ಸುಮಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು.

"ಅಕ್ಕಿ ನೋಡಕ್ಕೆ ಇಲ್ಲೀಗಂಟ ಬರಬೇಕಿತ್ತಾ? ನಮ್ ಗದ್ದೇಲಿರವು ಏನು, ಕೋಳಿಗಳಾ?" ಎಂದು ಅಜ್ಜಿ ಕಡ್ಲೆಪುರಿ ಮುಕ್ಕುತ್ತ ಗೊಣಗಿದಳು.

"ಸುಮ್ನಿರು ಕಣಜ್ಜಿ!"

ಅಷ್ಟರಲ್ಲಿ ಕೊಕ್ಕರೆಗಳ ಹಿಂಡು ನಮ್ಮ ತಲೆಯ ಮೇಲೆ ಬಂತು. ನಮ್ಮ ಕಡೆ ಮಕ್ಕಳು ಆಗ ಉಗುರು ತೋರಿಸಿ ಉಂಗುರ ಕೇಳುತ್ತಾರೆ. ಉಗುರಲ್ಲಿ ಬಿಳಿ ಚುಕ್ಕೆ ಮೂಡಿದರೆ ಕೊಕ್ಕರೆ ಕೊಟ್ಟಿತೆಂದು ಲೆಕ್ಕ. ಮಾತು ಕೊಟ್ಟಿದ್ದೆನಲ್ಲ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಸುಮಕ್ಕ ನನ್ನ ಕೈಗಳನ್ನು ನೋಡಿದಳು. "ಕೇಳೇ, ಒಂಟೋಯ್ತವೆ!" ಎಂದವಳೇ ಕ್ಯಾಮೆರಾ ಮಡಿಲಿಗಿಟ್ಟು, ತಾನೇ ಬೆರಳಾಡಿಸುತ್ತ ಕೂಗಿದಳು, "ಕೊಕ್ಕರೆ ಕೊಕ್ಕರೆ, ಉಂಗುರ ಕೊಡು!"

ಮಿಂಚುಳ್ಳಿ ಬೆದರಿ ಹಾರಿಹೋಯಿತು. ನಾನೂ ಎದ್ದು ಕುಣಿದು ಕೂಗಿದೆ. ಸುಮಕ್ಕ ನಗುತ್ತಲೇ ಕ್ಯಾಮೆರಾ ಎತ್ತಿ ನಮ್ಮತ್ತ ತಿರುಗಿಸಿದಳು.

ತೊಳೆಸಿದಾಗ ಆ ಕೊನೆಯ ಫೋಟೊದಲ್ಲಿ ಒಂದೂ ಹಕ್ಕಿ ಇರಲಿಲ್ಲ. ಆಕಾಶಕ್ಕೆ ಚಾಚಿದ ನನ್ನ ಬೆರಳುಗಳಿದ್ದವು. ಪಕ್ಕದಲ್ಲೇ, ಪುರಿ ಮೆತ್ತಿಕೊಂಡಿದ್ದ ಅಜ್ಜಿಯವೂ.